ಪ್ಯಾರಿಸ್ಸಿನ ಪಟ್ಟಿಗೆ ಮೂರು ಗೆರೆ ವಿಭೂತಿ

ಶಿವನೇ ಪ್ರತ್ಯಕ್ಷವಾಗಿ ವರ ಕೊಡಲು ಬಂದರೂ ನಮ್ಮ ಭಾವ ಮೊದಲು ತ್ರಿಶೂಲವನ್ನು ತಿರುಗಿಸಿ, ಅದು ಯಾವ ಕಂಪನಿಯದೆಂದು ನೋಡಿಯಾರು!

ಭಾವ ಎಂದರೆ ನಮ್ಮಕ್ಕನ ಗಂಡ. ಊರು ಗುಬ್ಬಿ. ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಕ್ಲಾರಿಯೋನೆಟ್ ಊದಿದವರು. ಅವರು ಊದುತ್ತಿದ್ದರೆ ಪಂಕ್ತಿಯಲ್ಲಿ ಕೂತವರು ಕಲಸಿದ ಅನ್ನವನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ಬಡಿಸುವವರು ಮುಂದೆ ಹೋಗುವುದನ್ನು ಮರೆತು ಒಬ್ಬನ ಎಲೆಗೇ ಸಾರು ಸುರಿಯುತ್ತಿದ್ದರು. ಉತ್ಪ್ರೇಕ್ಷೆ ಎನ್ನಬೇಡಿ, ಆ ಎಲೆ ನನ್ನದೇ!

ಇಂಥ ವಿದ್ವಾಂಸರಿಗೆ ಒಂದು ಹುಚ್ಚು. ವಾದ್ಯಕ್ಕಿಂತ ಅದರ ಬಿಡಿ ಸಾಮಾನಿನ ಮೇಲೆ ಪ್ರಾಣ. ಸಾಮಾನು ಹಳೆಯದಾಗಿರಬೇಕು, ಮೇಲೆ ಪ್ಯಾರಿಸ್ಸಿನ ದೊಡ್ಡ ಕಂಪನಿಯ ಹೆಸರಿರಬೇಕು. ಒಮ್ಮೆ ಬೆಂಗಳೂರಿನಿಂದ ತಗಡಿನ ಡಬ್ಬಿಯೊಂದನ್ನು ತಂದರು. ರೀಡು, ಅಂದರೆ ವಾದ್ಯದ ಬಾಯಲ್ಲಿ ಅದುರುವ ತೆಳ್ಳನೆಯ ಜೊಂಡಿನ ಚೂರು, ಇಡುವ ಡಬ್ಬಿ. ಒಳಗೆ ರೀಡು ಇತ್ತೇ? ಇಲ್ಲ! ಮುಚ್ಚಳದ ಮೇಲೆ ಹೆಸರಿತ್ತಲ್ಲ, ಸಾಲದೇ? ಆ ಸಲದ ಕೊಬ್ಬರಿ ಮಾರಿದ ದುಡ್ಡೆಲ್ಲ ಖಾಲಿ ಡಬ್ಬಿಯೊಳಗೆ ಹೋಯಿತು. ಅಕ್ಕ ಡಬ್ಬಿ ತೊಳೆದು ಜೀರಿಗೆ ತುಂಬಿದಳು. ಮಧ್ಯಾಹ್ನ ಭಾವ ಕಣ್ಣು ಮುಚ್ಚಿಕೊಂಡು, "ಇವತ್ತಿನ ಸಾರು ಯಾಕೋ ಬ್ಯಾರೇನೇ ಐತೆ ಕಣೇ" ಎಂದರಂತೆ.

"ಪ್ಯಾರಿಸ್ ಜೀರಿಗೆ. ಸುಮ್ನೆ ಉಣ್ಣಿ" ಎಂದಳಂತೆ ಅಕ್ಕ.

ಇನ್ನೊಮ್ಮೆ ಹಳೆಯ ಮೌತ್‌ಪೀಸು ಬಂತು. ತುದಿಯಲ್ಲಿ ಯಾರೋ ಕಚ್ಚಿದ ಗುರುತು.

"ನೋಡ್ಲಾ, ಯಾರೋ ಮಹಾ ವಿದ್ವಾಂಸರ ಹಲ್ಲು ಬಿದ್ದೈತೆ. ಅದ್ಕೇ ರೇಟು ಜಾಸ್ತಿ" ಎಂದು ಕಣ್ಣಿಗೊತ್ತಿಕೊಂಡರು.

"ಇಲಿ ಹಲ್ಲೂ ಇರ್ಬೋದಲ್ಲ ಭಾವ?"

"ಇರ್ಲಿ ಬುಡು. ಇಲಿನೂ ಒಳ್ಳೆ ಕಂಪ್ನಿದೇ ನೋಡಿ ಕಚ್ಚೈತಲ್ಲ!"

ಇಂಥವರ ಜೊತೆ ವಾದ ಮಾಡುವುದು ಹೇಗೆ?

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ತುಮಕೂರಿನ ಪಾತ್ರೆ ಅಂಗಡಿಯೊಂದರ ಮುಂದೆ ಕೂತು, ಜನ ಕೊಂಡ ಪಾತ್ರೆಗಳ ಮೇಲೆ ಅವರವರ ಹೆಸರು ಕೊರೆದು ಬದುಕಿದವನು. ಹೆಸರು ಎಂದರೆ ಇಷ್ಟೇ, ಯಾರು ಬೇಕಾದರೂ ಕೊರೆಯಬಹುದು ಎಂದು ಭಾವನಿಗೆ ಪಾಠ ಕಲಿಸುವ ದುರ್ಬುದ್ಧಿ ನನಗೆ ಬಂತು. ಮುಂದಿನದನ್ನು ಇಪ್ಪತ್ತು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಒಡೆದ ಹಿತ್ತಾಳೆ ಚೊಂಬಿನ ಕತ್ತು ಕತ್ತರಿಸಿ, ರೀಡನ್ನು ಬಿಗಿದು ಹಿಡಿಯುವ ಪಟ್ಟಿಯೊಂದನ್ನು ಮಾಡಿದೆ. ಊರ ಪಕ್ಕದ ಸತ್ಯಮಂಗಲದ ಲೇತ್ ಅಂಗಡಿಯಲ್ಲಿ ಎರಡು ತಿರುಪು ಮಾಡಿಸಿದೆ. ಜೀರಿಗೆ ಡಬ್ಬಿ ನೋಡಿಕೊಂಡು ಆ ಪ್ಯಾರಿಸ್ಸಿನ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೊರೆದೆ. ಗೂಳೂರಿನ ತಿಪ್ಪೆಯೊಂದರಲ್ಲಿ ಹದಿನೈದು ದಿನ ಹೂತಿಟ್ಟೆ. ಹೊರಗೆ ತೆಗೆದಾಗ ಅದಕ್ಕೆ ನೂರು ವರ್ಷವಾಗಿತ್ತು! ಕುಣಿಗಲ್ಲಿನ ಗುಜರಿ ಅಂಗಡಿಯ ಸ್ನೇಹಿತನ ಕೈಗೆ ಅದನ್ನು ಕೊಟ್ಟು, ಭಾವನನ್ನು ಅತ್ತ ಕಳಿಸಿದೆ. ಸ್ನೇಹಿತ ತಮಾಷೆಗೆ ಬಾಯಿಗೆ ಬಂದ ಬೆಲೆ ಹೇಳಿದ. ಭಾವನ ಜೇಬಿನಲ್ಲಿ ಅಷ್ಟಿರಲಿಲ್ಲ. ಮದುವೆಯಲ್ಲಿ ನಮ್ಮಪ್ಪ ಕಟ್ಟಿದ್ದ ವಾಚನ್ನು ಬಿಚ್ಚಿ ಕೊಟ್ಟುಬಿಟ್ಟರು!

ಸ್ನೇಹಿತ ಗಾಬರಿಯಾಗಿ ಮರುದಿನವೇ ವಾಚನ್ನು ನನಗೆ ತಂದುಕೊಟ್ಟ. ಆ ಭಾನುವಾರ ಕುಣಿಗಲ್ಲಿನ ಛತ್ರದಲ್ಲಿ ಭಾವನ ಬ್ಯಾಂಡಿತ್ತು. ಎಲ್ಲರ ಮುಂದೆ ವಾಚು ತೋರಿಸಿ ನಗಬೇಕೆಂದು ಹೋದೆ. ಭಾವ ನನ್ನ ಪಟ್ಟಿಯನ್ನೇ ಬಿಗಿದುಕೊಂಡು ಊದಿದರು. ಹಾಗೆ ಊದಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ವಾಚು ಹಿಡಿದ ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಮುಗಿದ ಮೇಲೆ ಬ್ಯಾಂಡಿನವರಿಗೆಲ್ಲ ಪಟ್ಟಿ ತೋರಿಸುತ್ತಿದ್ದರು. ನಾನೂ ಬಗ್ಗಿ ನೋಡಿದೆ. ಹೆಸರಿನ ಮೊದಲು ಮೂರು ಸಣ್ಣ ಗೆರೆ! ವಿಭೂತಿಯ ಮೂರು ಗೆರೆ ಎಳೆದು, ಆಮೇಲೆ ಹೆಸರು ಶುರು ಮಾಡಬೇಕೆಂಬುದು ಈ ಕೆಲಸ ಕಲಿಸಿದ ನಮ್ಮಪ್ಪನ ಪದ್ಧತಿ. ಅಭ್ಯಾಸಬಲದಿಂದ ಪ್ಯಾರಿಸ್ಸಿನವನ ಹಣೆಗೂ ವಿಭೂತಿ ಬಳಿದಿದ್ದೆ!

"ಇದೇನ್ ಗೆರೆ ಮೇಷ್ಟ್ರೇ?" ಎಂದ ಡ್ರಮ್ಮಿನವನು.

"ಮೂರ್ ಗೆರೆ ಇದ್ರೆ ಬಲೇ ದೊಡ್ಡ ಮೇಕು, ದೊಡ್ಡ ಕಂಪ್ನಿದು ಕಣೋ. ಎಲ್ಲಾರ್ಗೂ ಸಿಗಾಕಿಲ್ಲ" ಎಂದರು ಭಾವ. ಯಾಕೋ ನನ್ನತ್ತ ಒಮ್ಮೆ ನೋಡಿದರು.

ಅಂದಿನಿಂದ ಆ ವಾಚು ನನ್ನ ಪೆಟ್ಟಿಗೆಯಲ್ಲೇ ಉಳಿಯಿತು. "ಅಪ್ಪ ಕೊಟ್ಟ ವಾಚ್ನ ಎಲ್ಲೋ ಕಳ್ಕೊಂಡ್ ಬಂದ್ರು" ಎಂದು ಅಕ್ಕ ಹಬ್ಬಹಬ್ಬಕ್ಕೂ ಬೈಯುವಳು. ಭಾವ ತಲೆ ತಗ್ಗಿಸಿ ಬೈಸಿಕೊಳ್ಳುವರು. ಪಕ್ಕದಲ್ಲೇ ಕೂತು ಹೋಳಿಗೆ ಮುರಿಯುತ್ತಿದ್ದ ನಾನೆಂಥ ಮನುಷ್ಯ!

ಹೋದ ತಿಂಗಳು ಭಾವನ ಮುಂದಿನ ಹಲ್ಲುಗಳನ್ನು ತೆಗೆಸಿದರು. ಅಲ್ಲಿಗೆ ಊದುವುದು ನಿಂತಿತು. ಇನ್ನು ತಡ ಮಾಡಬಾರದೆಂದು ವಾಚು ಹಿಡಿದು ಗುಬ್ಬಿಗೆ ಹೋದೆ. ಚೊಂಬು, ತಿಪ್ಪೆ, ಗುಜರಿ, ಒಂದೂ ಬಿಡದೆ ಹೇಳಿಕೊಂಡೆ.

ಭಾವ ವಾಚನ್ನು ಕಿವಿಗಿಟ್ಟುಕೊಂಡರು. "ನಿಂತೋಗೈತಲ್ಲೋ. ಇಪ್ಪತ್ ವರ್ಸ ಮಡಿಕ್ಕೊಂಡಿದ್ದೀಯ, ದಿನಾ ಕೀ ಕೊಡಾಕೇನ್ಲಾ ಆಗಿತ್ತು ನಿಂಗೆ?"

"ಭಾವ, ನಿಮ್ಗೆ ಮೋಸ ಮಾಡ್ಬಿಟ್ಟೆ."

"ಏನ್ ಮೋಸ? ನಾನ್ ನೀರ್ ಕುಡಿಯೋ ಚೊಂಬಿನ ಮ್ಯಾಲೂ ಅದೇ ಮೂರ್ ಗೆರೆ. ನಿಮ್ಮಕ್ಕನ್ ಮದ್ವೇಲಿ ನೀನೇ ಕೊರ್ದಿದ್ದು. ಗುಜರಿ ಅಂಗ್ಡೀಲೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ವಾಚ್ ಬಿಚ್ ಕೊಟ್ರಾ?"

"ಮತ್ತೆ? ನೀನ್ ಕೈಯಾರೆ ಮಾಡಿದ್ದು ಬ್ಯಾರೇರ್ ಪಾಲಾಗ್ಲಾ? ರೀಡ್ನ ಅಷ್ಟ್ ಚೆಂದಾಗಿ ಹಿಡ್ಕೊಳ್ಳೋ ಪಟ್ಟಿ ನಾನ್ ಕಂಡೇ ಇರ್ಲಿಲ್ಲ ಕಣೋ. ಬಲೇ ದೊಡ್ಡ ಮೇಕು ಅಂತ ಊರಿಗೆಲ್ಲ ಹೇಳ್ದೆ. ಸುಳ್ಳಾ?"

ಭಾವ ಎದ್ದು ಹೋಗಿ ಪಟ್ಟಿಯನ್ನು ತಂದು ನನ್ನ ಅಂಗೈಯಲ್ಲಿಟ್ಟರು.

"ಪ್ಯಾರಿಸ್‌ನೋನ ಹೆಸ್ರ ಕೆಳಗೆ ಜಾಗ ಐತೆ. ಮಾಡ್ದೋನ ಹೆಸ್ರು ಹಾಕ್ಕೊಂಡ್ ಬಾ."

ತುಮಕೂರಿಗೆ ಬಂದು ಹಳೆಯ ಮಿಷನ್ನು ಹಿಡಿದು ಕೂತೆ. ಅರ್ಧ ಊರಿನ ಹೆಸರು ಕೊರೆದ ಕೈ ಇದು. ನನ್ನ ಹೆಸರನ್ನು ಮಾತ್ರ ಯಾವುದರ ಮೇಲೂ ಕೊರೆದಿರಲಿಲ್ಲ. ಮೂರು ಗೆರೆ ನೆಟ್ಟಗೆ ಬಂದವು. ಆಮೇಲೆ ಕಣ್ಣು ಮಂಜಾಗಿ ಅಕ್ಷರಗಳೆಲ್ಲ ಸೊಟ್ಟಗಾದವು.

ಈಗ ಬಂದವರಿಗೆಲ್ಲ ಭಾವ ಅದನ್ನೇ ತೋರಿಸುತ್ತಾರಂತೆ: "ಅಕ್ಸರ ಸೊಟ್ಟ ಐತಲ್ಲ, ನೋಡಿ! ಒರಿಜಿನಲ್ ಅನ್ನಾಕೆ ಅದೇ ಗುರುತು."