ದೊಡ್ಡಮಾವನ ಓಟಿಗೆ ನನ್ನ ಆಕ್ಷೇಪಣೆ

ಆ ಸಲದ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಅಭ್ಯರ್ಥಿ ನನ್ನನ್ನು ಮತಗಟ್ಟೆಯ ಏಜೆಂಟನಾಗಿ ನೇಮಿಸಿದರು. ಮತಗಟ್ಟೆ ಇದ್ದದ್ದು ಕನಕಪುರದ ಕಡೆ, ನನ್ನ ಹೆಂಡತಿಯ ತವರೂರಿನಲ್ಲಿ. ಊರಿನ ಅಳಿಯನಿಗೆ ಎಲ್ಲರ ಗುರುತೂ ಇರುತ್ತದೆ ಎಂದು ಅವರು ನಂಬಿದ್ದರು. ಮದುವೆಯಾಗಿ ಇನ್ನೂ ಒಂದೇ ವರ್ಷ ಎಂದು ನಾನೂ ಹೇಳಲಿಲ್ಲ.

ಏಜೆಂಟನ ಕೆಲಸವನ್ನು ಪುಸ್ತಕ ಓದಿ ಕಲಿತೆ. ಬಂದವರು ಹೆಸರು ಹೇಳುತ್ತಾರೆ, ನಾವು ಪಟ್ಟಿ ನೋಡಬೇಕು. ಬಂದವನು ಆ ಮನುಷ್ಯನಲ್ಲ ಎನಿಸಿದರೆ ಶುಲ್ಕ ಕಟ್ಟಿ ಆಕ್ಷೇಪಣೆ ಎತ್ತಬಹುದು. ಈ ಹಕ್ಕು ನನಗೆ ಬಹಳ ಹಿಡಿಸಿತು.

ರೇಷ್ಮೆಗೆ ಒಳ್ಳೆಯ ಬೆಲೆ ಬಂದಿದ್ದ ಕಾಲ. ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಬಿಡುವಿಲ್ಲದೆ ಮೇಯುತ್ತಿದ್ದವು. ನಮ್ಮ ತೋಟದ ಸೊಪ್ಪು ಮುಗಿದಿತ್ತು. ಮತದಾನದ ದಿನ ಒಂದು ಗಾಡಿ ಸೊಪ್ಪು ಕಳಿಸಲು ಹೆಂಡತಿಯ ದೊಡ್ಡಪ್ಪ ಒಪ್ಪಿದ್ದರು. ಅವಳಿಗೆ ತಂದೆಯಿಲ್ಲ, ಮದುವೆಯಲ್ಲಿ ಧಾರೆ ಎರೆದವರೂ ಅವರೇ.

"ಓಟಿನ ಗಲಾಟೇಲಿ ಮರೀಬ್ಯಾಡಿ, ದೊಡ್ಡಪ್ಪಂಗೆ ಸೊಪ್ಪಿನ ವಿಚಾರ ಒಸಿ ಗ್ಯಾಪ್ಕ ಮಾಡಿ" ಎಂದು ಹೇಳಿ ಹೆಂಡತಿ ನನ್ನನ್ನು ಕಳಿಸಿದಳು.

ಹತ್ತು ಗಂಟೆಯ ಹೊತ್ತಿಗೆ ನುಣ್ಣನೆ ತಲೆಯ ಮುದುಕರೊಬ್ಬರು ಬಂದು ತಮ್ಮ ಹೆಸರು ಸಿದ್ದೇಗೌಡ ಎಂದರು. ಅದು ಹೆಂಡತಿಯ ದೊಡ್ಡಪ್ಪನ, ಅಂದರೆ ನನ್ನ ದೊಡ್ಡಮಾವನ ಹೆಸರು. ದೊಡ್ಡಮಾವನಿಗೆ ಭಾರಿ ಪೇಟ, ಕಿವಿ ಮುಟ್ಟುವ ಮೀಸೆ. ಈತನಿಗೆ ಎರಡೂ ಇಲ್ಲ. ನಾನು ಎದ್ದು ನಿಂತು, ಈ ವ್ಯಕ್ತಿಯ ಬಗ್ಗೆ ನನ್ನ ತೀವ್ರ ಆಕ್ಷೇಪಣೆಯಿದೆ, ನಿಜವಾದ ಸಿದ್ದೇಗೌಡರು ನನಗೆ ಸ್ವಂತ ಮಾವನಾಗಬೇಕು ಎಂದು ಘೋಷಿಸಿ ಶುಲ್ಕ ಕಟ್ಟಿದೆ.

ಮುದುಕರು ನನ್ನನ್ನೇ ನೋಡಿದರು. "ಮೊನ್ನೆ ಕಬ್ಬಾಳಮ್ಮಂಗೆ ಮುಡಿ ಕೊಟ್ಟು ಬಂದೆ ಕಣಪ್ಪ. ನಿಂಗೆ ಧಾರೆ ಎರ್ದೋನು ನಾನೇಯ."

ದನಿ ಅವರದೇ! ಆದರೆ ವಿಚಾರಣೆ ಆಗಲೇ ಶುರುವಾಗಿತ್ತು. ಮತಗಟ್ಟೆ ಅಧಿಕಾರಿ ಊರ ಪಟೇಲರನ್ನು ಕರೆಸಿ ಕೇಳಿದರು. ಅವರು ನಗು ತಡೆದುಕೊಂಡು ಸಾಕ್ಷಿ ಹೇಳಿದರು. ಆಕ್ಷೇಪಣೆ ವಜಾ ಆಯಿತು. ದೊಡ್ಡಮಾವ ಓಟು ಹಾಕಿ, ನನ್ನ ಕಡೆ ತಿರುಗದೆ ಹೊರಟುಹೋದರು. ಸೊಪ್ಪಿನ ವಿಚಾರ ನನ್ನ ಬಾಯಲ್ಲೇ ಉಳಿಯಿತು. ಆಮೇಲೆ ಬಂದವರೆಲ್ಲ ನನ್ನ ಮುಂದೆ ನಿಂತು, ನಾನು ನಾನೇನಾ ನೋಡಿ ಹೇಳಪ್ಪ ಎಂದು ಕೇಳಿಯೇ ಮುಂದೆ ಹೋದರು.

ಪೆಟ್ಟಿಗೆಗೆ ಸೀಲು ಬೀಳುವವರೆಗೆ ಕೂತಿದ್ದು ಮನೆಗೆ ಬಂದೆ. ಹುಳು ಹೊಟ್ಟೆತುಂಬ ಮೇಯುತ್ತಿದ್ದವು. ದೊಡ್ಡ ಮನುಷ್ಯರು, ಸೊಪ್ಪು ಕಳಿಸಿದ್ದರು.

"ಗಾಡೀಲಿ ಸೊಪ್ಪೂ ಬಂತು, ನಿಮ್ ಸುದ್ದೀನೂ ಬಂತು," ಎಂದಳು ಹೆಂಡತಿ. "ಆಮ್ಯಾಕೆ ಹೋಗಿ ಓಟು ಹಾಕ್ದೆ. ನಿಮ್ಮೋರಿಗಲ್ಲ. ನೀವ್ ಯಾವಾಗ ಹಾಕುದ್ರಿ?"

ನನ್ನ ಓಟು ನಮ್ಮೂರಿನ ಪಟ್ಟಿಯಲ್ಲಿತ್ತು. ಅದು ನೆನಪಾದದ್ದು ಆಗಲೇ.

ಅಭ್ಯರ್ಥಿ ಸೋತರು. ಮರುವಾರ ಸಿಕ್ಕಾಗ ನನ್ನ ಕೈ ಹಿಡಿದುಕೊಂಡು, ಆ ಊರಲ್ಲಿ ನೀವಿಲ್ಲದಿದ್ದರೆ ಏನಾಗುತ್ತಿತ್ತೋ ಎಂದರು. ಏನಾಗುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು: ಅವರಿಗೆ ಕಡಿಮೆಯೆಂದರೂ ಎರಡು ಓಟು ಹೆಚ್ಚು ಬೀಳುತ್ತಿತ್ತು, ನನ್ನದೂ ನನ್ನ ಹೆಂಡತಿಯದೂ.