ಸರ್ಟಿಫಿಕೇಟಿನ ಕೊನೆಯ ದಿನ

ವೀರಭದ್ರನ ಸರ್ಟಿಫಿಕೇಟು ಮುಗಿಯುವ ದಿನವೇ ಪಿನ್ನರಿನಲ್ಲಿ ಹಿಮ ಬಿತ್ತು.

ಬಿದ್ದದ್ದು ಸುಮ್ಮನೆ ಬಿದ್ದಿದ್ದರೆ ಚಿಂತೆಯಿರಲಿಲ್ಲ. ಬೆಳಗಿನ ಜಾವ ಅರ್ಧ ಕರಗಿ, ಮತ್ತೆ ಹೆಪ್ಪುಗಟ್ಟಿ, ಮನೆಯೆದುರಿನ ರಸ್ತೆ ಎಣ್ಣೆ ಸವರಿದ ದೋಸೆಹಂಚಿನಂತೆ ಹೊಳೆಯುತ್ತಿತ್ತು. ಎಲ್ ಬೋರ್ಡು ಹಚ್ಚಿಕೊಂಡು ಸ್ಕೂಟರ್ ಓಡಿಸುವವರು ಎರಡು ವರ್ಷಕ್ಕೊಮ್ಮೆ ಒಂದು ದಿನದ ತರಬೇತಿಗೆ ಹೋಗಿ ಸಿಬಿಟಿ ಎಂಬ ಸರ್ಟಿಫಿಕೇಟು ಪಡೆಯಬೇಕು. ಅವನದು ಆ ಭಾನುವಾರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತಿತ್ತು. ಹೌನ್ಸ್ಲೋದ ತರಬೇತಿ ಅಂಗಳದಲ್ಲಿ ಹತ್ತು ಗಂಟೆಗೆ ಅವನ ಹೆಸರಿತ್ತು.

ಅವನು ವಿಜಯಪುರದವನು. ಹೀಥ್ರೋ ವಿಮಾನ ನಿಲ್ದಾಣದ ಹತ್ತಿರ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯೊಂದರಲ್ಲಿ ಹನ್ನೊಂದು ವರ್ಷ ದುಡಿದು, ಹೋದ ತಿಂಗಳಷ್ಟೇ ಬೆಳಗಿನ ನಾಷ್ಟಾ ವಿಭಾಗದ ಮುಖ್ಯಸ್ಥನಾಗಿದ್ದ. ಅವನ ಪಾಳಿ ನಸುಕಿನ ನಾಲ್ಕೂವರೆಗೆ. ಆ ಹೊತ್ತಿಗೆ ಪಿನ್ನರಿನಿಂದ ಅಲ್ಲಿಗೆ ಮುಟ್ಟಿಸುವ ಟ್ಯೂಬು ರೈಲು ಹುಟ್ಟಿರುವುದಿಲ್ಲ. ಸ್ಕೂಟರಿಲ್ಲದಿದ್ದರೆ ಮುಖ್ಯಸ್ಥಗಿರಿಯೂ ಇಲ್ಲ.

"ಟ್ಯೂಬಿನ್ಯಾಗ ಹೋಗ್ರಿ," ಎಂದಳು ಹೆಂಡತಿ ಸೌಜನ್ಯಾ.

ಅವನು ಮೊಬೈಲು ತೋರಿಸಿದ. ಮೆಟ್ರೋಪಾಲಿಟನ್ ಲೈನಿನ ಮುಂದೆ 'ತೀವ್ರ ವಿಳಂಬ' ಎಂದು ಬಂದಿತ್ತು.

"ತಡಾ ಆದ್ರ ಒಳಗ ಬಿಡೂದಿಲ್ಲ ಅವ್ರು. ಸ್ಕೂಟರ್ ಮ್ಯಾಲೆ ಸಾವಕಾಶ ಹೋಗ್ತೀನಿ."

ಹೊರಗೆ ಬಂದರೆ ಸ್ಕೂಟರು ಬಿಳಿಯ ಎಮ್ಮೆಯಂತೆ ಮಲಗಿತ್ತು. ಅತ್ತೆ ರತ್ನವ್ವ ಆಗಲೇ ಪಾತೇಲಿ ತುಂಬ ಬಿಸಿನೀರು ಹಿಡಿದು ಅದರ ಪಕ್ಕದಲ್ಲಿ ನಿಂತಿದ್ದಳು. ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಸಹಾಯ ಮಾಡಲು ಏನೂ ಸಿಗದೆ ಬೇಸತ್ತಿದ್ದಳು.

"ಪಾಪ, ಗಾಡೀಗಿ ಥಂಡಿ ಹತ್ತೇತಿ ಅಳಿಯಾರ," ಎಂದು, ಅವನು ಬೇಡ ಎನ್ನುವಷ್ಟರಲ್ಲಿ ಸುರಿದೇಬಿಟ್ಟಳು.

ಹಿಮ ಕರಗಿತು. ಕರಗಿದ ನೀರು ಹಾದಿಗುಂಟ ಗೇಟಿನವರೆಗೆ ಹರಿದು, ಎರಡು ನಿಮಿಷದಲ್ಲಿ ಗಾಜಾಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಅನಂತಮೂರ್ತಿ ಮೊಬೈಲು ನೋಡುತ್ತ ಗೇಟು ದಾಟಿದರು. ಬೆಂಗಳೂರಿನವರು, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ. ಕಾಲು ಒಂದು ಕಡೆ, ಅವರು ಇನ್ನೊಂದು ಕಡೆ ಹೊರಟು, ಕೊನೆಗೆ ಕೌನ್ಸಿಲಿನ ಹಸಿರು ಕಸದ ಡಬ್ಬಿಯನ್ನು ತಬ್ಬಿಕೊಂಡು ನಿಂತರು. ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಮಾತು ಶುರುಮಾಡಿದರು.

"ನೋಡಿ ವೀರಭದ್ರ ಅವರೇ, ಹಿಮದಲ್ಲಿ ಸ್ಕೂಟರ್ ಓಡಿಸೋದರ ಬಗ್ಗೆ ರಾತ್ರಿಯೆಲ್ಲ ಓದಿದೀನಿ. ಬ್ರೇಕನ್ನ ಒಂದೇ ಸಲ ಹಿಡೀಬೇಡಿ. ತಿರುವಲ್ಲಿ ಗಾಡಿ ವಾಲಿಸಬೇಡಿ. ಮುಂದಿನ ಗಾಡಿಗೂ ನಿಮಗೂ ಮಾಮೂಲಿಗಿಂತ ಹತ್ತು ಪಟ್ಟು ದೂರ ಇರಲಿ. ಸೇತುವೆ ಮೇಲೆ ಹುಷಾರು, ಅಲ್ಲಿ ಐಸು ಮೊದಲು ಕಟ್ಟುತ್ತೆ."

"ನೀವು ಸ್ಕೂಟರ್ ಓಡಿಸ್ತೀರೇನ್ರಿ ಸರ?"

"ಇಲ್ಲ, ನನಗೆ ಬ್ಯಾಲೆನ್ಸ್ ಬರಲ್ಲ," ಎಂದರು ಅನಂತಮೂರ್ತಿ, ಡಬ್ಬಿಯನ್ನು ಬಿಡದೆ. "ಇನ್ನೊಂದು ಪಾಯಿಂಟು. ಟೈರಿನ ಗಾಳಿ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿಯಂತೆ." ಡಬ್ಬಿಯ ಜೊತೆಗೇ ಜರುಗುತ್ತ ಬಂದು, ಬಗ್ಗಿ ಹಿಂದಿನ ಚಕ್ರದ ವಾಲ್ವು ಒತ್ತಿದರು. ಗಾಳಿ ಉಸಿರುಬಿಟ್ಟಿತು. ಅವರು ಮೊಬೈಲನ್ನು ಮತ್ತಷ್ಟು ಓದಿದರು. ಮುಖ ಗಂಭೀರವಾಯಿತು.

"ಕ್ಷಮಿಸಿ. ಇದು ಮರಳುಗಾಡಿನ ಬಗ್ಗೆ ಬರೆದದ್ದು."

ಸೌಜನ್ಯಾ ಗಂಡನ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ಹಳದಿ ರಬ್ಬರ್ ಗವಸು ಏರಿಸಿದಳು. ರತ್ನವ್ವ ತನ್ನ ಮಫ್ಲರು ಸುತ್ತಿದಳು. ಮೇಲೆ ಹೆಲ್ಮೆಟ್ ಕೂಡ್ರಿಸಿದಾಗ ಅವನಿಗೆ ತನ್ನ ಉಸಿರಿನ ಹೊರತು ಏನೂ ಕೇಳಿಸಲಿಲ್ಲ. ಮಗಳು ಸ್ಫೂರ್ತಿ ಕಿಟಕಿಯಿಂದ ಇಣುಕಿ, "ಡ್ಯಾಡ್, ಪ್ಲೀಸ್ ಡೋಂಟ್ ಗೋ," ಎಂದದ್ದೂ ಕೇಳಿಸಲಿಲ್ಲ.

ರೇನರ್ಸ್ ಲೇನಿನ ಪೆಟ್ರೋಲ್ ಬಂಕಿನವರೆಗೆ ಸ್ಕೂಟರನ್ನು ತಳ್ಳಿಕೊಂಡೇ ಹೋಗಿ ಗಾಳಿ ತುಂಬಿಸಿದ. ಅಲ್ಲಿಂದ ಹತ್ತಿ ಹೊರಟ. ಎರಡೂ ಕಾಲನ್ನು ಬಾತುಕೋಳಿಯಂತೆ ನೆಲದ ಮೇಲೆ ಆಡಿಸುತ್ತ, ಬಸ್ಸುಗಳು ತುಳಿದು ಕಪ್ಪಾಗಿಸಿದ ಜಾಡಿನಲ್ಲಿ, ನಡೆಯುವವರ ವೇಗದಲ್ಲಿ ಹೋದ. ನಾಯಿ ಹಿಡಿದ ಒಬ್ಬ ಮುದುಕಿ ಅವನನ್ನು ಹಿಂದೆ ಹಾಕಿದಳು. ಆಕೆ ಗೌರವದಿಂದ ಮುಂದೆ ನೋಡಿಕೊಂಡು ಹೋದಳು. ನಾಯಿ ಮಾತ್ರ ತಿರುಗಿ ತಿರುಗಿ ನೋಡಿತು.

ನಾರ್ಥೋಲ್ಟಿನ ಸೇತುವೆಯ ಮೇಲೆ ಹಿಂದಿನ ಚಕ್ರ ಒಮ್ಮೆಲೇ ಬದಿಗೆ ಸರಿಯಿತು.

ಆ ಗಳಿಗೆಯಲ್ಲಿ ಅವನಿಗೆ ಮುಖ್ಯಸ್ಥಗಿರಿ ನೆನಪಾಗಲಿಲ್ಲ. ಮಗಳು ಕಿಟಕಿಯಲ್ಲಿ ಬಾಯಿ ಆಡಿಸಿದ್ದು ನೆನಪಾಯಿತು. ಅವಳು ಏನು ಹೇಳಿದಳೆಂದು ತಿಳಿಯದೆ ಸತ್ತೇನಲ್ಲಾ ಅನ್ನಿಸಿತು. ಕೈ ಬ್ರೇಕಿನ ಕಡೆ ಓಡಿತು. ಅದನ್ನು ಹಲ್ಲು ಕಚ್ಚಿ ತಡೆದ. ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿದ, ಹ್ಯಾಂಡಲನ್ನು ನೆಟ್ಟಗೆ ಹಿಡಿದ. ಚಕ್ರ ಒಂದು ಕ್ಷಣ ಯೋಚಿಸಿ, ಮರಳಿ ಸಾಲಿಗೆ ಬಂತು. ಅವನು ಬದಿಗೆ ನಿಲ್ಲಿಸಿ ಇಳಿದು, ಮಿಕ್ಕ ಸೇತುವೆಯನ್ನು ತಳ್ಳಿಕೊಂಡು ದಾಟಿದ. ಸೌತಾಲಿನಲ್ಲಿ ಬಸ್ಸೊಂದು ಎರಚಿದ ಕೆಸರುಹಿಮ ಮೊಣಕಾಲಿನಿಂದ ಕೊರಳತನಕ ಮೆತ್ತಿಕೊಂಡಿತು. ಹೆಸ್ಟನ್ ಮುಟ್ಟುವಷ್ಟರಲ್ಲಿ ಬೆರಳುಗಳು ಯಾರದೋ ಅನ್ನಿಸಿದವು. ಆದರೂ ಬೀಳಲಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ತರಬೇತಿ ಅಂಗಳ ಹೊಕ್ಕ. ಅಂಗಳಕ್ಕೆ ಉಪ್ಪು ಚೆಲ್ಲಿ ಐಸು ಕರಗಿಸಿ ಒಣಗಿಸಿದ್ದರು. ಬಿಳಿಗಡ್ಡದ ತರಬೇತುದಾರ ಚಹಾದ ಕಪ್ಪು ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಂದ ಬಂದಿರಿ?"

"ಪಿನ್ನರಿನಿಂದ."

"ಇದರ ಮೇಲೆ?"

"ಹೌದು."

ಅವನು ಕಪ್ಪು ಕೆಳಗಿಟ್ಟು ಸ್ಕೂಟರನ್ನು ಒಂದು ಸುತ್ತು ಹಾಕಿ ನೋಡಿದ. ಒಂದು ಗೀಚೂ ಇರಲಿಲ್ಲ. ಚಕ್ರ ಜಾರಿದರೆ ಏನು ಮಾಡಬೇಕು, ಐಸು ಎಲ್ಲಿ ಮೊದಲು ಕಟ್ಟುತ್ತದೆ, ಮುಂದಿನ ಗಾಡಿಗೆ ಎಷ್ಟು ದೂರವಿರಬೇಕು ಎಂದು ಒಂದೊಂದಾಗಿ ಕೇಳಿದ. ವೀರಭದ್ರ ಒಂದಕ್ಕೂ ತಡವರಿಸಲಿಲ್ಲ.

"ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ," ಎಂದ ತರಬೇತುದಾರ. ವೀರಭದ್ರನ ಎದೆಯೊಳಗೆ ಮೊದಲ ಬಾರಿಗೆ ಬೆಚ್ಚಗಾಯಿತು.

ಅಷ್ಟರಲ್ಲಿ ಉಳಿದ ನಾಲ್ವರು ವಿದ್ಯಾರ್ಥಿಗಳು ಬಂದರು. ಹತ್ತಿರದವರು, ಎಲ್ಲರೂ ನಡೆದೇ ಬಂದಿದ್ದರು, ಒಣ ಬಟ್ಟೆಯಲ್ಲಿ. ಅವರಲ್ಲಿ ಪ್ರತೀಕ್ಷಾ ಎಂಬ ಬೆಂಗಳೂರಿನ ಹುಡುಗಿಯೂ ಇದ್ದಳು. ಅವನ ಹೆಸರು ಕೇಳಿ, ಹಳದಿ ಗವಸು ನೋಡಿ ಅನುಮಾನದಿಂದ, "ಅಂಕಲ್, ಕನ್ನಡದವರಾ?" ಎಂದು ಕೇಳಿದಳು.

ತರಬೇತುದಾರ ವೀರಭದ್ರನನ್ನು ಮುಂದೆ ನಿಲ್ಲಿಸಿದ. "ಹಿಮದ ಪಾಠ ಇವತ್ತು ಇವರು ಮಾಡಲಿ. ರಸ್ತೆಯಿಂದ ಈಗಷ್ಟೇ ಇಳಿದಿದ್ದಾರೆ."

ವೀರಭದ್ರ ಮುಕ್ಕಾಲು ಗಂಟೆ ಪಾಠ ಹೇಳಿದ. ಸೇತುವೆಯ ಮೇಲೆ ನಡೆದದ್ದನ್ನು ಸ್ಕೂಟರಿನ ಮೇಲೆ ಕುಳಿತು ತೋರಿಸಿದ. ನಾಲ್ವರೂ ಬರೆದುಕೊಂಡರು. ನಾಷ್ಟಾ ವಿಭಾಗದಲ್ಲಿಯೂ ಅವನ ಮಾತನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಮುಗಿದ ಮೇಲೆ ತರಬೇತುದಾರ ಫಾರಮ್ಮು ತೆಗೆದ. "ಈಗ ಎಲ್ಲರಿಗೂ ಒಂದೇ ಪ್ರಶ್ನೆ. ಬೆಳಿಗ್ಗೆ ಎದ್ದು ನೋಡುತ್ತೀರಿ, ರಸ್ತೆ ತುಂಬ ಐಸು. ಸ್ಕೂಟರನ್ನು ಏನು ಮಾಡುತ್ತೀರಿ?"

"ಮನೇಲೇ ಬಿಡ್ತೀವಿ," ಎಂದಳು ಪ್ರತೀಕ್ಷಾ, ಇಂಗ್ಲಿಷಿನಲ್ಲಿ. ಉಳಿದ ಮೂವರೂ ತಲೆಯಾಡಿಸಿದರು.

"ಸರಿ," ಎಂದು ಅವನು ನಾಲ್ಕು ಗುರುತು ಹಾಕಿದ. ಆಮೇಲೆ ವೀರಭದ್ರನ ಕಡೆ ತಿರುಗಿ, ಬೇಸರದ ದನಿಯಲ್ಲಿ, "ನಿಮ್ಮ ಉತ್ತರ ಹೊರಗೆ ನಿಂತಿದೆ," ಎಂದ.

ವೀರಭದ್ರ ಸ್ಕೂಟರಿನತ್ತ ನೋಡಿದ.

"ಓಡಿಸಲು ನಿಮಗೆ ಚೆನ್ನಾಗಿ ಬರುತ್ತದೆ. ಯಾವಾಗ ಓಡಿಸಬಾರದು ಅನ್ನುವುದು ಬರುವುದಿಲ್ಲ. ಆ ಬೆರಳುಗಳಿಂದ ಈಗ ಬ್ರೇಕು ಹಿಡಿದು ತೋರಿಸಿ ನೋಡೋಣ."

ಬೆರಳು ಬಾಗಲಿಲ್ಲ.

ಅವನ ಹೆಸರಿನ ಮುಂದೆ ಗುರುತು ಬೀಳಲಿಲ್ಲ. ತರಬೇತಿಯ ಮುಂದಿನ ಖಾಲಿ ದಿನ ಎರಡು ವಾರದ ಆಚೆಗಿತ್ತು. ಸ್ಕೂಟರನ್ನು ಈ ಐಸಿನಲ್ಲಿ ಗೇಟಿನಿಂದ ಹೊರಗೆ ಬಿಡಲು ತನ್ನ ಮನಸ್ಸು ಒಪ್ಪುವುದಿಲ್ಲ ಎಂದು ತರಬೇತುದಾರ ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿದ. ವೀರಭದ್ರನಿಗೆ ಆಫೀಸಿನ ಹೀಟರಿನ ಪಕ್ಕ ಕುರ್ಚಿ, ಚಹಾ ಕೊಟ್ಟ. ಕಿಟಕಿಯಿಂದ ಅವನು ಆ ನಾಲ್ವರು ತರಬೇತಿಯ ಸ್ಕೂಟರುಗಳ ಮೇಲೆ ಅಂಗಳದಲ್ಲಿ ಸುತ್ತು ಹಾಕುವುದನ್ನು ನೋಡುತ್ತ ಕುಳಿತ. ಮಧ್ಯಾಹ್ನ ದೊಡ್ಡ ರಸ್ತೆಗಳ ಐಸು ಪೂರ್ತಿ ಕರಗಿದ ಮೇಲೆ ತರಬೇತುದಾರ ಅವರನ್ನು ಹೊರಗೂ ಕರೆದೊಯ್ದ. ಬ್ರೇಕನ್ನು ಅವರು ಒಂದೇ ಸಲ ಹಿಡಿಯಲಿಲ್ಲ. ತಿರುವಿನಲ್ಲಿ ವಾಲಲಿಲ್ಲ.

ಬಟ್ಟೆ ಒಣಗುವಷ್ಟರಲ್ಲಿ ಮೂರೂವರೆಯಾಗಿತ್ತು. ಮತ್ತೆ ಹಿಮದ ಮೋಡ ಕವಿದದ್ದರಿಂದ ತರಬೇತುದಾರ ಶೆಡ್ಡಿನ ಬೀಗ ತೆಗೆಯಲಿಲ್ಲ. ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ಬಸ್ ನಿಲ್ದಾಣಕ್ಕೆ ಬಂದ. ಹಿಂದೆಯೇ ಪ್ರತೀಕ್ಷಾ ಓಡಿಬಂದಳು. ಅವಳ ಕೈಯಲ್ಲಿ ಹೊಸ ಸರ್ಟಿಫಿಕೇಟಿತ್ತು.

"ಅಂಕಲ್, ತುಂಬಾ ಥ್ಯಾಂಕ್ಸ್. ನೀವು ಹೇಳಿಕೊಡದೇ ಇದ್ದಿದ್ದರೆ ನನಗೆ ಆಗ್ತಾ ಇರಲಿಲ್ಲ."

"ಛಲೋ ಆತವ್ವ," ಎಂದ ವೀರಭದ್ರ. "ಹುಷಾರಾಗಿ ಓಡ್ಸು."

ಬಸ್ಸು ಹತ್ತಿ ಕುಳಿತ ಮೇಲೆ ಸೌಜನ್ಯಾಳ ಫೋನು ಬಂತು.

"ಏನಾತ್ರೀ? ಮುಂಜಾನಿಂದ ಜೀವ ಕೈಯಾಗ ಹಿಡ್ಕೊಂಡು ಕುಂತೀವಿ. ಬಿದ್ರೇನು?"

"ಇಲ್ಲ. ಬೀಳಲಿಲ್ಲ."

"ಮತ್ತ ಪರೀಕ್ಷಾ?"

"ಎಲ್ಲಾರೂ ಪಾಸಾದ್ರು."

"ದೇವರು ದೊಡ್ಡಾಂವ. ಅವ್ವಾ, ಪಾಸಾದ್ರಂತ." ಒಳಗಿನಿಂದ ರತ್ನವ್ವ ಏನೋ ಹೇಳಿದ್ದು ಕೇಳಿಸಿತು. "ನಿಮ್ಮ ಸರ್ಟಿಫಿಕೇಟ್ ಕೊಟ್ರೇನು, ಮನೀಗಿ ಕಳಸ್ತಾರೇನು?"

ವೀರಭದ್ರ ಕಿಟಕಿಯಾಚೆ ನೋಡಿದ. ಹೊಸ ಹಿಮ ಬೀಳತೊಡಗಿತ್ತು.

"ನನಗ ಕೊಡೂದಿಲ್ಲ," ಎಂದ. "ನಾ ಪಾಠಾ ಹೇಳಿದಾಂವ."