ಜಾಗ ನೋಡಿ ಕೂರುವ ನಮ್ಮತ್ತೆ

ಕೂರುವ ಜಾಗ ಹುಡುಕುವುದರಲ್ಲಿ ನಮ್ಮ ಸೋದರತ್ತೆಯನ್ನು ಮೀರಿಸುವವರು ಈ ಸಕಲೇಶಪುರ ಸೀಮೆಯಲ್ಲೇ ಇಲ್ಲ! ಯಸಳೂರು ಬಸ್ಸು ಖಾಲಿಯಿದ್ದರೂ ಅವಳಿಗೆ ಚಕ್ರದ ಮೇಲಿನ, ಯಾರಿಗೂ ಬೇಡದ ಸೀಟೇ ಆಗಬೇಕು. ಮದುವೆಯೂಟದಲ್ಲಿ ಪಂಕ್ತಿಯ ಕಟ್ಟಕಡೆಯ ಎಲೆ. ಅಲ್ಲಿಗೆ ಬರುವಷ್ಟರಲ್ಲಿ ಪಲ್ಯ ಮುಗಿದಿರುತ್ತದೆ! ಹುಚ್ಚು ಅನ್ನುತ್ತೀರಾ? ಅಲ್ಲ, ಓದಿದ್ದರ ಫಲ. ಮೈಸೂರಿನಲ್ಲಿ ಆರು ವರ್ಷ, ಬ್ಯಾಕ್ಟೀರಿಯಾದೊಳಗೆ ಜಾಗದಿಂದ ಜಾಗಕ್ಕೆ ಜಿಗಿಯುವ ಜೀನುಗಳ ಹಿಂದೆ ಬಿದ್ದಿದ್ದಳು. ಅವು ಎಲ್ಲಿ ಕೂರುತ್ತವೆ, ಎಲ್ಲಿ ಕೂರುವುದಿಲ್ಲ ಎಂಬುದೇ ಅವಳ ಸಂಶೋಧನೆ.

ಮದುವೆಯಾಗದೆ ಅಣ್ಣನ ಮನೆಗೆ, ಅಂದರೆ ವನಗೂರಿನ ನಮ್ಮ ಮನೆಗೆ ಬಂದವಳು ಕಾಫಿ ಮೂಟೆ ಪೇರಿಸಿಡುವ ಸ್ಟೋರಿಗೆ ಅಂಟಿಕೊಂಡ ಕೋಣೆಯೇ ಸಾಕೆಂದಳು.

"ಒಳಗೆ ರೂಮು ಐತಲ್ಲಮ್ಮ?" ಎಂದ ಅಪ್ಪ.

"ಬೇಡ ಅಣ್ಣ. ನಾನು ಓದಿದ ಜೀನೂ ಹಿಂಗೇ. ಬ್ಯಾಕ್ಟೀರಿಯಾ ಬದುಕೋಕೆ ಬೇಕೇ ಬೇಕಾದ ಜೀನ್ ಒಂದೈತೆ. ನನ್ನ ಜೀನು ಅದನ್ನ ಹುಡುಕ್ಕೊಂಡು ಹೋಗಿ, ಅದರೊಳಗೆ ನುಗ್ದೆ ಪಕ್ಕದಲ್ಲಿ ಕೂತ್ಕತದೆ. ನುಗ್ಗಿದ್ರೆ ಮನೆಯೇ ಹಾಳು."

"ಸದ್ಯ, ಜೀನಿಗಾದ್ರೂ ಅಷ್ಟು ಬುದ್ಧಿ ಐತಲ್ಲ!" ಎಂದಳು ಅವ್ವ, ಒಲೆಯ ಮುಂದಿನಿಂದಲೇ. ಅತ್ತೆ ನಕ್ಕಳು. ನಗದೆ ಏನು ಮಾಡಿಯಾಳು?

ಒಮ್ಮೆ ಮಗ್ಗೆಯಿಂದ ಹೆಂಡತಿ ಸತ್ತವನೊಬ್ಬ ಅವಳನ್ನು ನೋಡಲು ಬಂದ. "ಮನೇಲಿ ಅಡುಗೆಗೆ ತೊಂದ್ರೆ ಆಗೈತೆ" ಎಂದ.

"ಸಿಕ್ಕಸಿಕ್ಕ ಕಡೆ ನುಗ್ಗೋ ಜೀನುಗಳೂ ಅವೆ ಕಣ್ರೀ. ನಾನು ಅದಲ್ಲ!" ಎಂದಳು ಅತ್ತೆ.

ಪಾಪ, ಆತ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟೆದ್ದ. ಆ ಉಪ್ಪಿಟ್ಟಿನ ಮಾತನ್ನು ಅವ್ವ ಅತ್ತೆಗೆ ವರ್ಷಗಟ್ಟಲೆ ಬಡಿಸಿದಳು. ಕೇಳಿ ನಗುತ್ತಿದ್ದವರಲ್ಲಿ ನಾನೂ ಒಬ್ಬಳು.

ಆ ನಗು ನಿಂತದ್ದು ನನ್ನ ಸರದಿ ಬಂದಾಗ. ಗಂಡನ ಹೊಡೆತ ಸಾಕಾಗಿ, ಸೂಟ್‌ಕೇಸ್ ಹಿಡಿದು ತವರಿಗೆ ಬಂದೆ. "ಬಾ" ಎನ್ನಲು ಅಪ್ಪನಿಗೂ ಬಾಯಿ ಬರಲಿಲ್ಲ. "ಇಂಥೋರ್ನ ಎಷ್ಟು ಜನಾನ ಸಾಕೋದು?" ಎಂದಳು ಹೆತ್ತ ತಾಯಿ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಧ್ಯಾಹ್ನಕ್ಕೇ ಅತ್ತೆ ಟ್ರಂಕು ತುಂಬಿದಳು. ಸಕಲೇಶಪುರದಲ್ಲಿ ಕೋಣೆ ಹಿಡಿದು ಮಕ್ಕಳಿಗೆ ಪಾಠ ಹೇಳುತ್ತಾಳಂತೆ! ನನಗೆ ಉರಿದುಹೋಯಿತು. "ನನ್ನ ಮುಖ ನೋಡೋಕಾಗ್ದೆ ನೀನೂ ಓಡ್ತಿದೀಯಾ ಅತ್ತೆ?"

"ಅಯ್ಯೋ, ತನ್ನಂಥದ್ದೇ ಇನ್ನೊಂದು ಬಂದ ಕಡೆ ಆ ಜೀನು ನಿಲ್ಲಲ್ಲ ಕಣೇ. ನೀನು ಬಂದ್ಯಲ್ಲ, ನಾನು ಹೊರಟೆ. ಅಷ್ಟೆ."

ಸ್ಟೋರಿನ ಪಕ್ಕದ ಕೋಣೆ ನನ್ನದಾಯಿತು. ವರ್ಷ ಕಳೆದ ಮೇಲೆ, ಅವಳು ಅಲ್ಲೇ ಮರೆತುಹೋಗಿದ್ದ ನೋಟ್‌ಬುಕ್ಕೊಂದನ್ನು ಬಿಡಿಸಿದೆ. ಅವಳದೇ ದುಂಡು ಅಕ್ಷರದ ಇಂಗ್ಲಿಷಿನಲ್ಲಿ ಬರೆದಿತ್ತು: ಮೊದಲೇ ಕೂತ ಜೀನು ಕದಲಬೇಕಿಲ್ಲ, ಹೊಸದಾಗಿ ಬಂದದ್ದೇ ಬೇರೆ ಜಾಗ ನೋಡಿಕೊಳ್ಳಬೇಕು.

ಹೊಸದಾಗಿ ಬಂದವಳು ನಾನಲ್ಲವೇ? ಓದಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ ನಮ್ಮತ್ತೆ, ಅವತ್ತೊಂದು ದಿನ ಬೇಕೆಂದೇ ತಪ್ಪು ಹೇಳಿ ಮನೆ ಬಿಟ್ಟಿದ್ದಳು.